ಮೂಗಿಗಿಂತ ಮೂಗುತಿ ಭಾರವಾಗದಿರಲಿ

ಪರೀಕ್ಷೆ ಮುಗಿದು ರಜೆ ಬಂತೆಂದರೆ ಕಂಪ್ಯೂಟರ್ ಇರುವ ಮನೆಗಳಲ್ಲಿ ಒಂದು ಬೇಡಿಕೆ ಏಳುತ್ತದೆ: ‘ಅಪ್ಪಾ, ಇದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಡು.’ ಓದಿಗೆ ಬೇಕು ಎಂಬುದು ಮಕ್ಕಳ ವಾದ. ಆಟಕ್ಕಿರಬೇಕು ಎಂಬುದು ಅಪ್ಪನ ಗುಮಾನಿ. ಇಬ್ಬರ ಮಾತಿನಲ್ಲೂ ಅಷ್ಟಿಷ್ಟು ನಿಜವಿರುತ್ತದೆ. ಆದರೆ ಕಡೂರಿನ ತೆಂಗಿನ ತೋಟದವರಾಗಲಿ, ತರೀಕೆರೆಯ ಅಡಿಕೆಯವರಾಗಲಿ, ಅಜ್ಜಂಪುರದ ಈರುಳ್ಳಿ ಬೆಳೆಗಾರರಾಗಲಿ, ತಿಂಗಳ ಸಂಬಳದವರಾಗಲಿ, ಕೆಲವು ಸಾವಿರ ರೂಪಾಯಿ ಯಾರಿಗೂ ಸಣ್ಣ ಮಾತಲ್ಲ. ಆದ್ದರಿಂದ ‘ಕೊಡಿಸಬೇಕೇ, ಬೇಡವೇ’ ಎಂದು ಜಗಳವಾಡುವ ಮೊದಲು ಆ ಕಾರ್ಡು ಏನು ಮಾಡುತ್ತದೆ, ನಮ್ಮ ಹಳೆಯ ಕಂಪ್ಯೂಟರ್ ಅದನ್ನು ಹೊರಬಲ್ಲುದೇ ಎಂಬುದನ್ನು ತಿಳಿಯುವುದು ಒಳ್ಳೆಯದು.

ಕಾರ್ಡಿನ ಕೆಲಸವೇನು?

ಸಾಮಾನ್ಯ ಮಾನಿಟರಿನ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿರುತ್ತವೆ. ಗುಣಿಸಿ ನೋಡಿ: 20,73,600. ಆಟದ ದೃಶ್ಯವೊಂದು ಸೆಕೆಂಡಿಗೆ 60 ಬಾರಿ ಬದಲಾಗಬೇಕಾದರೆ, ಸೆಕೆಂಡಿಗೆ ಹನ್ನೆರಡು ಕೋಟಿಗೂ ಹೆಚ್ಚು ಸಲ ಚುಕ್ಕಿಯ ಬಣ್ಣವನ್ನು ಲೆಕ್ಕ ಹಾಕಬೇಕು. ಲೆಕ್ಕ ಕಷ್ಟದ್ದಲ್ಲ, ಆದರೆ ರಾಶಿ ದೊಡ್ಡದು.

ಅಡಿಕೆ ಸುಲಿಯುವುದನ್ನು ನೆನೆಯಿರಿ. ಮಂಡಿಯ ಗುಮಾಸ್ತ ಎಂಥ ಲೆಕ್ಕವನ್ನಾದರೂ ಬಿಡಿಸಬಲ್ಲ. ಆದರೆ ರಾಶಿ ಅಡಿಕೆ ಸುಲಿಯಲು ಒಂದೇ ಕೆಲಸವನ್ನು ಒಟ್ಟಿಗೆ ಮಾಡುವ ಹತ್ತಾರು ಕೈಗಳೇ ಬೇಕು. ಕಂಪ್ಯೂಟರಿನ ಪ್ರೊಸೆಸರ್ ಆ ಗುಮಾಸ್ತನಂತೆ. ಹಳೆಯ ಯಂತ್ರಗಳಲ್ಲಿ ಅದಕ್ಕೆ ಎರಡೋ ನಾಲ್ಕೋ ‘ಕೋರ್’ಗಳು. ಗ್ರಾಫಿಕ್ಸ್ ಕಾರ್ಡು ಸುಲಿಯುವವರ ಗುಂಪು. ಜಿಟಿಎಕ್ಸ್ 1650 ಎಂಬ ಸಾಧಾರಣ ಕಾರ್ಡಿನಲ್ಲೇ 896 ಪುಟ್ಟ ಕೋರ್‌ಗಳಿವೆ.

ಹಾಗೆಂದು ಕಾರ್ಡಿಲ್ಲದಿದ್ದರೆ ಪರದೆ ಬೆಳಗುವುದಿಲ್ಲ ಎಂದಲ್ಲ. 2010-11ರಿಂದೀಚೆಗೆ ಬಂದ ಇಂಟೆಲ್‌ನ ಬಹುತೇಕ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಒಳಗೇ ಚಿಕ್ಕದೊಂದು ಗ್ರಾಫಿಕ್ಸ್ ಭಾಗವಿದೆ. ಕನ್ನಡ ಟೈಪಿಂಗ್, ಪಾಠದ ವಿಡಿಯೊ, ಸ್ಕ್ರ್ಯಾಚ್, ಪೈಥಾನ್ ಕಲಿಕೆಗೆ ಅದು ಧಾರಾಳವಾಗಿ ಸಾಕು.

ನಿಧಾನವಾಗಿರುವುದು ಯಾವುದು?

ಮೊದಲ ಪ್ರಶ್ನೆ ಇದೇ ಆಗಿರಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಕಂಪ್ಯೂಟರ್ ತಡವರಿಸುವಾಗ ಅಲ್ಲಿ ‘ಡಿಸ್ಕ್’ ಎಂಬುದು ನೂರರ ಹತ್ತಿರ ನಿಂತಿದ್ದರೆ ಹಳೆಯ ಹಾರ್ಡ್‌ಡಿಸ್ಕ್ ಸೋತಿದೆ ಎಂದರ್ಥ. ಅದರ ಬದಲು ಎಸ್‌ಎಸ್‌ಡಿ ಹಾಕಿಸಿ. ‘ಮೆಮೊರಿ’ ತುಂಬಿದ್ದರೆ ರ‍್ಯಾಮ್ ಅನ್ನು 8 ಜಿಬಿಗೆ ಏರಿಸಿ. ಇಂಥ ಯಂತ್ರಕ್ಕೆ ಎಷ್ಟು ದೊಡ್ಡ ಕಾರ್ಡ್ ಹಾಕಿದರೂ ಅದು ಬೇಗ ಎದ್ದು ನಿಲ್ಲುವುದಿಲ್ಲ.

ಮಕ್ಕಳು ಬ್ಲೆಂಡರ್‌ನಲ್ಲಿ ಚಿತ್ರ ರೂಪಿಸುತ್ತಿದ್ದರೆ, ಡಿಪ್ಲೊಮಾ ಅಥವಾ ಎಂಜಿನಿಯರಿಂಗ್‌ಗಾಗಿ ಮೂರು ಆಯಾಮದ ನಕ್ಷೆ ಬರೆಯುತ್ತಿದ್ದರೆ, ವಿಡಿಯೊ ಸಂಕಲನ ಕಲಿಯುತ್ತಿದ್ದರೆ ಕಾರ್ಡಿನಿಂದ ನಿಜವಾದ ಪ್ರಯೋಜನವಿದೆ. ಆಟಕ್ಕೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಕೇಳಿಬರುತ್ತಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಾರ್ಡ್ ಬದಲಿಸಿದರೆ ವಿಂಡೋಸ್ 11 ಹಾಕಬಹುದು ಎಂದು ಕೆಲವರು ಹೇಳುತ್ತಾರೆ. ಅದು ಕೇಳುವುದು ಹೊಸ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನು. ಹತ್ತು ಹನ್ನೆರಡು ವರ್ಷದ ಯಂತ್ರದ ಈ ಕೊರತೆಯನ್ನು ಯಾವ ಕಾರ್ಡೂ ತುಂಬಲಾರದು.

ಕೊಳ್ಳುವ ಮುನ್ನ ನಾಲ್ಕು ಪರೀಕ್ಷೆ

ಒಂದು, ಸ್ಲಾಟ್. ಮದರ್‌ಬೋರ್ಡಿನಲ್ಲಿ ‘ಪಿಸಿಐ ಎಕ್ಸ್‌ಪ್ರೆಸ್ 16’ ಎಂಬ ಉದ್ದನೆಯ ಸ್ಲಾಟ್ ಇರಬೇಕು. ತೀರಾ ಹಳೆಯ ‘ಎಜಿಪಿ’ ಸ್ಲಾಟ್ ಇದ್ದರೆ ಇಂದಿನ ಕಾರ್ಡು ಕೂರುವುದೇ ಇಲ್ಲ. ಸುಮಾರು 2012ಕ್ಕಿಂತ ಹಿಂದಿನ ಬೋರ್ಡಾದರೆ ಕಾರ್ಡು ಕೂತರೂ ಪರದೆ ಕಪ್ಪಾಗಿಯೇ ಉಳಿಯುವುದುಂಟು. ಹಾಕಿ ತೋರಿಸಿದ ಮೇಲೆಯೇ ಹಣ ಎಂದು ಅಂಗಡಿಯಲ್ಲಿ ಮೊದಲೇ ಮಾತನಾಡಿಕೊಳ್ಳಿ.

ಎರಡು, ವಿದ್ಯುತ್ತು. ಮುಖ್ಯ ಪರೀಕ್ಷೆ ಇದೇ. ಹತ್ತನೆಯ ತರಗತಿಯ ಸೂತ್ರವನ್ನು ಇಲ್ಲಿ ಬಳಸಿ: ವೋಲ್ಟ್ ಗುಣಿಸು ಆಂಪಿಯರ್ ಎಂದರೆ ವಾಟ್. ಆ ಸ್ಲಾಟ್ 12 ವೋಲ್ಟ್‌ನಲ್ಲಿ 5.5 ಆಂಪಿಯರ್, 3.3 ವೋಲ್ಟ್‌ನಲ್ಲಿ 3 ಆಂಪಿಯರ್ ಕೊಡಬಲ್ಲದು. 66 ಮತ್ತು 9.9 ಕೂಡಿಸಿದರೆ ಸುಮಾರು 75 ವಾಟ್. ಇದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದಲೇ 6 ಅಥವಾ 8 ಪಿನ್ನಿನ ಬೇರೆ ವೈರು ಎಳೆಯಬೇಕು. ಕಚೇರಿಗಳಲ್ಲಿ ಬಳಸಿ ಮಾರಿದ ತೆಳುವಾದ ಕಂಪ್ಯೂಟರ್‌ಗಳಲ್ಲಿ ಎಸ್‌ಎಂಪಿಎಸ್ ಸಾಮಾನ್ಯವಾಗಿ 240 ವಾಟ್ ಆಸುಪಾಸಿನದು. ಆ ವೈರು ಇರುವುದಿಲ್ಲ. ಒಂದೂವರೆ ಇಂಚು ನೀರಿನ ಬೋರ್‌ವೆಲ್ ನಂಬಿ ನಾಲ್ಕು ಎಕರೆಗೆ ಒಟ್ಟಿಗೆ ಗೇಟ್‌ವಾಲ್ವ್ ತಿರುಗಿಸಿದರೆ ಏನಾಗುತ್ತದೆಂದು ಕಡೂರು ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಇಲ್ಲಿಯೂ ಅಷ್ಟೆ. ಆಟದ ನಡುವೆ ಕಂಪ್ಯೂಟರ್ ತಟ್ಟನೆ ಆರುತ್ತದೆ. ಕಳಪೆ ಎಸ್‌ಎಂಪಿಎಸ್ ಆದರೆ ಸುಟ್ಟು, ಜೊತೆಗೆ ಮದರ್‌ಬೋರ್ಡನ್ನೂ ಕೊಂಡೊಯ್ಯಬಹುದು. ಆದ್ದರಿಂದ ಹಳೆಯ ಯಂತ್ರಕ್ಕೆ 75 ವಾಟ್ ಮೀರದ, ಬೇರೆ ವೈರು ಕೇಳದ ಕಾರ್ಡೇ ಸರಿ. ಜಿಟಿ 1030ಕ್ಕೆ 30 ವಾಟ್ ಸಾಕು, ಜಿಟಿಎಕ್ಸ್ 1650ಕ್ಕೆ 75. ಎರಡನೆಯದರಲ್ಲಿ ಪಿನ್ ಇರುವ ಮಾದರಿಗಳೂ ಇವೆ. ಕಣ್ಣಾರೆ ನೋಡಿ ಕೊಳ್ಳಿ.

ಮೂರು, ಜಾಗ. ಕ್ಯಾಬಿನೆಟ್ಟಿನೊಳಗೆ ಸ್ಕೇಲ್ ಹಿಡಿದು ಉದ್ದ, ಎತ್ತರ ಅಳೆಯಿರಿ. ತೆಳು ಕ್ಯಾಬಿನೆಟ್ಟಿಗೆ ಅರ್ಧ ಎತ್ತರದ ‘ಲೋ ಪ್ರೊಫೈಲ್’ ಕಾರ್ಡೇ ಬೇಕು. ಕಾರ್ಡಿನ ಬಿಸಿ ಹೊರಹೋಗಲು ದಾರಿಯಿರಬೇಕು. 75 ವಾಟ್ ಎಂದರೆ ಹಳೆಯ ಕಾಲದ ಬುರುಡೆ ಬಲ್ಬೊಂದನ್ನು ಪೆಟ್ಟಿಗೆಯೊಳಗೆ ಉರಿಸಿದಂತೆ.

ನಾಲ್ಕು, ಮಾನಿಟರಿನ ವೈರು. ಹಳೆಯ ಮಾನಿಟರ್‌ಗಳದು 1987ರಲ್ಲಿ ಬಂದ, ಮೂರು ಸಾಲು ಪಿನ್ನಿನ ವಿಜಿಎ ವೈರು. ಅದು ಅನಲಾಗ್. ಹೊಸ ಕಾರ್ಡುಗಳಲ್ಲಿರುವುದು ಎಚ್‌ಡಿಎಂಐಯಂಥ ಡಿಜಿಟಲ್ ಕಿಂಡಿಗಳು. ನಡುವೆ ಸಂಕೇತವನ್ನು ಬದಲಿಸುವ ಪರಿವರ್ತಕ ಬೇಕು. ಬರೀ ಪಿನ್ ಜೋಡಿಸುವ ತುಂಡು ಸಾಲದು.

ಹಳೆಯ ಕಾರ್ಡು, ಹೊಸ ಮೋಸ

ಅಗ್ಗಕ್ಕೆಂದು ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಹಳೆಯ ಕಾರ್ಡು ತರುವವರಿದ್ದಾರೆ. ಹೊಂದದಿದ್ದರೆ ಇನ್ನೊಂದು ದಿನ, ಇನ್ನೊಂದು ಟಿಕೆಟ್. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಡಿಜಿಟಲ್ ನಾಣ್ಯದ ‘ಗಣಿಗಾರಿಕೆ’ ನಿಂತಾಗ, ಹಗಲಿರುಳು ದುಡಿದ ಕಾರ್ಡುಗಳು ಜಗತ್ತಿನಾದ್ಯಂತ ಹಳೆ ಮಾಲಿನ ಮಾರುಕಟ್ಟೆಗೆ ಬಂದವು. ಹಳೆಯ ಸಣ್ಣ ಕಾರ್ಡಿಗೆ ದೊಡ್ಡದರ ಹೆಸರು ತುಂಬಿ ಮಾರುವವರೂ ಇದ್ದಾರೆ. ‘ಜಿಪಿಯು-ಜೆಡ್’ ಎಂಬ ಉಚಿತ ತಂತ್ರಾಂಶ ಇಂಥ ಅನೇಕ ನಕಲಿಗಳನ್ನು ಗುರುತಿಸಿ ಹೇಳುತ್ತದೆ. ಜಿಟಿ 1030, 1050ರ ಪೀಳಿಗೆಗೆ ಎನ್‌ವಿಡಿಯಾ ಕಂಪನಿಯ ಹೊಸ ಆಟಗಳ ಡ್ರೈವರ್ 2025ರ ಅಕ್ಟೋಬರ್‌ಗೆ ಕೊನೆಗೊಂಡಿತು. ಭದ್ರತಾ ಪರಿಷ್ಕರಣೆ ಮಾತ್ರ 2028ರ ಅಕ್ಟೋಬರ್‌ವರೆಗೆ ಎಂದು ಅದು ಹೇಳಿದೆ. ಬೆಲೆ ಕಟ್ಟುವಾಗ ಇದೂ ನೆನಪಿರಲಿ.

ಹೆತ್ತವರಿಗೆ ನನ್ನ ಸಲಹೆ ಇಷ್ಟೆ. ಕೂಡಲೇ ‘ಆಗಲಿ’ ಎನ್ನಬೇಡಿ, ‘ಆಗದು’ ಎಂದೂ ಗದರಬೇಡಿ. ‘ಲೆಕ್ಕ ತಂದು ಕೊಡು, ಆಮೇಲೆ ನೋಡೋಣ’ ಎನ್ನಿ. ಪ್ಲಗ್ ಕಿತ್ತು, ಕ್ಯಾಬಿನೆಟ್ ಬಿಚ್ಚಿ, ಎಸ್‌ಎಂಪಿಎಸ್ ಮೇಲಿನ ಚೀಟಿ ಓದಿ, ಸ್ಲಾಟ್ ಗುರುತಿಸಿ, ಅಳತೆ ಬರೆದು, ಯಾವ ಕೆಲಸಕ್ಕೆ ಬೇಕೆಂದು ಪ್ರಾಮಾಣಿಕವಾಗಿ ಒಂದು ಪುಟ ಬರೆಯಲಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಕೂಡದು. ಅದರೊಳಗಿನ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ಶಾಕ್ ಕೊಡಬಲ್ಲವು. ಆ ಪುಟ ಬರೆಯುವಷ್ಟು ತಾಳ್ಮೆಯಿರುವ ಮಗುವಿಗೆ ಕಾರ್ಡು ಕೊಡಿಸಿದರೆ ದುಡ್ಡು ದಂಡವಾಗದು. ಬರೆದ ಮೇಲೆ, ಬೇಕಾದದ್ದು ಕಾರ್ಡಲ್ಲ, ಎಸ್‌ಎಸ್‌ಡಿ ಎಂದು ಮಗುವೇ ಹೇಳಿದರೆ ಇನ್ನೂ ಒಳ್ಳೆಯದಾಯಿತು. ಅಳೆದು ನೋಡಿ ತೀರ್ಮಾನಿಸುವುದನ್ನೇ ಅಲ್ಲವೇ ವಿಜ್ಞಾನ ಎನ್ನುವುದು?