ದುಬಾರಿ ಆಟಗಾರನನ್ನು ದಾಟಿಸುವ ಲೆಕ್ಕ

ಹಾಕಿ ಎಂದೊಡನೆ ನಮ್ಮವರ ಕಣ್ಣ ಮುಂದೆ ಕೊಡಗಿನ ಮೈದಾನಗಳು ಬರುತ್ತವೆ. ಕೆನಡಾದವರಿಗೆ ಹಾಕಿ ಎಂದರೆ ಮಂಜುಗಡ್ಡೆಯ ಆಟ. ಕಾಲಿಗೆ ಸ್ಕೇಟು, ಚೆಂಡಿನ ಬದಲು ಪಕ್ ಎಂಬ ಕಪ್ಪು ರಬ್ಬರಿನ ಬಿಲ್ಲೆ, ಅಂಕಣದಲ್ಲಿ ತಂಡಕ್ಕೆ ಆರೇ ಜನ. ಅಲ್ಲಿನ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಆಟಗಾರರ ವ್ಯಾಪಾರ ನಡೆಯುವುದು ಹೆಚ್ಚಾಗಿ ರಾಗಿ ಕೊಟ್ಟು ಅಕ್ಕಿ ತಂದ ಹಾಗೆ, ಆಟಗಾರನಿಗೆ ಪ್ರತಿಯಾಗಿ ಆಟಗಾರ. ಆತನ ಬೆನ್ನ ಮೇಲಿನ ಸಂಬಳದ ಹೊರೆಯೂ ಸಾಮಾನ್ಯವಾಗಿ ಹೊಸ ತಂಡಕ್ಕೆ ಸೇರುತ್ತದೆ.

ಈ ಹೊರೆ ಸಾಮಾನ್ಯದ್ದಲ್ಲ. ಸಂಬಳದ ಜಗಳದಿಂದ 2004–05ರ ಋತು ಇಡಿಯಾಗಿ ರದ್ದಾದ ಮೇಲೆ, ಪ್ರತಿ ತಂಡದ ಒಟ್ಟು ಸಂಬಳಕ್ಕೆ ಲೀಗ್ ಒಂದು ಮಿತಿ ಹಾಕಿತು. ಮಾಲೀಕ ಎಷ್ಟೇ ಸಿರಿವಂತನಾಗಿರಲಿ, ಆ ಗೆರೆ ದಾಟುವಂತಿಲ್ಲ. ಒಬ್ಬನಿಗೆ ಹೆಚ್ಚು ಬಡಿಸಿದರೆ ಪಂಕ್ತಿಯ ಉಳಿದವರಿಗೆ ಅಷ್ಟು ಕಡಿಮೆ.

ಸ್ಕಾಟ್ ಗೋಮೆಜ್ ಎಂಬ ಆಟಗಾರನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಅಲಾಸ್ಕಾದ ಈತ ನ್ಯೂಜೆರ್ಸಿ ಡೆವಿಲ್ಸ್ ಪರ 2000 ಮತ್ತು 2003ರಲ್ಲಿ ಸ್ಟಾನ್ಲಿ ಕಪ್ ಗೆದ್ದವರು. 2005–06ರಲ್ಲಿ 33 ಗೋಲು ಹೊಡೆದವರು. 2007ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ಅವರೊಡನೆ 7 ವರ್ಷಕ್ಕೆ 5 ಕೋಟಿ 15 ಲಕ್ಷ ಡಾಲರಿನ ಗುತ್ತಿಗೆ ಮಾಡಿಕೊಂಡಿತು. ಮಿತಿಯ ಲೆಕ್ಕಕ್ಕೆ ಬರುವುದು ವರ್ಷದ ಸರಾಸರಿ, ಅಂದರೆ ಸುಮಾರು 73.6 ಲಕ್ಷ. 2009–10ರ ಮಿತಿ 5 ಕೋಟಿ 68 ಲಕ್ಷ. ಇಪ್ಪತ್ತಕ್ಕೂ ಹೆಚ್ಚು ಜನರ ತಂಡದಲ್ಲಿ ಒಬ್ಬರಿಗೇ ನೂರಕ್ಕೆ 13 ಪಾಲು!

ಆಟ ಮಾತ್ರ ಇಳಿಮುಖ. ಗೋಲಿಗೂ ಗೋಲಿಗೆ ನೆರವಾದ ಪಾಸಿಗೂ ಒಂದೊಂದು ಅಂಕ ಕೊಡುವುದು ಅಲ್ಲಿನ ಪದ್ಧತಿ. ಗೋಮೆಜ್ ಮೊದಲ ವರ್ಷ 70 ಅಂಕ ಗಳಿಸಿದರೆ ಮರುವರ್ಷ 58. ಇದು ಕಳಪೆಯೇನೂ ಅಲ್ಲ. ಆದರೆ 73 ಲಕ್ಷದ ಆಟವೂ ಅಲ್ಲ. ಇಟ್ಟುಕೊಳ್ಳುವುದೋ ದಾಟಿಸುವುದೋ?

ಇಂಥ ಹೊತ್ತಿನಲ್ಲಿ ಬಹಳ ಮಂದಿ ಕೇಳುವುದು ‘ಇಷ್ಟು ಸುರಿದಿದ್ದೇವಲ್ಲ, ಬಿಡುವುದು ಹೇಗೆ?’ ಎಂದು. ಸುರಿದದ್ದು ಹೇಗೂ ಹಿಂದೆ ಬರದು. ಲೆಕ್ಕ ಹಾಕಬೇಕಾದದ್ದು ಮುಂದಿನ ವರ್ಷಗಳನ್ನು. ಗೋಮೆಜ್ ಆಗ 29ರವರು, ಗುತ್ತಿಗೆ 34ರವರೆಗೆ. ಮುಂಪಡೆಯ ಆಟಗಾರರ ಗೋಲು ಗಳಿಕೆ ಸಾಮಾನ್ಯವಾಗಿ ಇಪ್ಪತ್ತರ ನಡುವಿನಲ್ಲಿ ತುದಿ ಮುಟ್ಟಿ, ಮೂವತ್ತು ದಾಟಿದ ಮೇಲೆ ಕುಸಿಯುತ್ತದೆ. ಸಂಬಳದ ಹೊರೆ ಮಾತ್ರ ಇದ್ದಲ್ಲೇ ಇರುತ್ತದೆ.

ರೇಂಜರ್ಸ್ ವ್ಯವಸ್ಥಾಪಕ ಗ್ಲೆನ್ ಸಾಥರ್ 2009ರ ಜೂನ್ 30ರಂದು ಗೋಮೆಜ್ ಅವರನ್ನು ಮಾಂಟ್ರಿಯಲ್ ಕೆನೇಡಿಯನ್ಸ್‌ಗೆ ದಾಟಿಸಿದರು. ಮರುದಿನವೇ, ಖಾಲಿಯಾದ ಜಾಗದಲ್ಲಿ ಮರಿಯನ್ ಗಾಬೊರಿಕ್ ಬಂದು ಕುಳಿತರು. ಮೊದಲ ಋತುವಿನಲ್ಲೇ 42 ಗೋಲು.

ಮಾಂಟ್ರಿಯಲ್‌ನ ಬಾಬ್ ಗೇನಿ ಮಾಡಿದ್ದು ಬರೀ ಹುಚ್ಚುತನ ಎನ್ನಲಾಗದು. ಆ ಬೇಸಿಗೆಯಲ್ಲಿ ಅವರ ಹಲವು ಆಟಗಾರರ ಗುತ್ತಿಗೆ ಮುಗಿಯುತ್ತಿತ್ತು, ನಾಯಕ ಸಾಕು ಕೊಯಿವು ಕೂಡ ತಂಡ ಬಿಟ್ಟರು. ಗೋಮೆಜ್ ಮೊದಲ ವರ್ಷ 59 ಅಂಕ ತಂದರು, 2010ರಲ್ಲಿ ತಂಡ ಪೂರ್ವ ವಿಭಾಗದ ಅಂತಿಮ ಸುತ್ತು ತಲುಪಿತು. ಆಮೇಲಿನದು ನೋವಿನ ಕಥೆ. 2010–11ರಲ್ಲಿ 38 ಅಂಕ. 2011ರ ಫೆಬ್ರುವರಿ 5ರಂದು ಹೊಡೆದ ಗೋಲಿನ ಬಳಿಕ ಮುಂದಿನದು ಬಿದ್ದದ್ದು 2012ರ ಫೆಬ್ರುವರಿ 9ಕ್ಕೆ! ಗೋಮೆಜ್ ಗೋಲು ಹೊಡೆದರೇ ಎಂಬ ಒಂದೇ ಪ್ರಶ್ನೆಗೆ ಉತ್ತರ ಕೊಡಲು ಅಂತರ್ಜಾಲದಲ್ಲಿ ಒಂದು ತಾಣವೇ ಹುಟ್ಟಿತು. ಆಟಗಾರನಿಗೆ ಇದಕ್ಕಿಂತ ಅವಮಾನ ಬೇಕೆ? ಸಂಬಳ ತಾನಾಗಿ ಕಿತ್ತುಕೊಂಡದ್ದಲ್ಲ, ಕೊಟ್ಟವರು ಕೊಟ್ಟದ್ದು.

ಆಗ ಮಾಂಟ್ರಿಯಲ್‌ಗೂ ಅದೇ ಪ್ರಶ್ನೆ. ಆದರೆ ಕೊಳ್ಳುವವರಾರು? ತಡವಾದಷ್ಟೂ ದಾರಿ ಮುಚ್ಚುತ್ತದೆ. ಮಿತಿಯ ಲೆಕ್ಕಕ್ಕೆ ಬಾರದಂತೆ ಗುತ್ತಿಗೆ ಮುರಿಯಲು ಲೀಗ್ ವಿಶೇಷ ಅವಕಾಶ ಕೊಟ್ಟಾಗ, 2013ರ ಜನವರಿಯಲ್ಲಿ ಉಳಿದ ಹಣದ ಬಹುಪಾಲು ತೆತ್ತು ಅವರನ್ನು ಕಳುಹಿಸಲಾಯಿತು.

ಮಾಂಟ್ರಿಯಲ್‌ಗೆ ನಿಜವಾದ ನಷ್ಟ ಈ ಡಾಲರುಗಳಲ್ಲಿ ಇರಲಿಲ್ಲ. 2009ರ ವಿನಿಮಯದಲ್ಲಿ ರೇಂಜರ್ಸ್‌ಗೆ ಬಿಟ್ಟುಕೊಟ್ಟವರಲ್ಲಿ ರಯನ್ ಮೆಕ್‌ಡೊನಾ ಎಂಬ 20ರ ಹುಡುಗನಿದ್ದ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡದ ರಕ್ಷಣಾ ಆಟಗಾರ. ಅಂದು ಚರ್ಚೆಯೆಲ್ಲ ಗೋಮೆಜ್ ಸುತ್ತಲೇ. ಆ ಹುಡುಗ 2014ರಲ್ಲಿ ರೇಂಜರ್ಸ್ ನಾಯಕನಾದ. ಮುಂದೆ ಟ್ಯಾಂಪಾ ಬೇ ಪರ 2020 ಮತ್ತು 2021ರಲ್ಲಿ ಸ್ಟಾನ್ಲಿ ಕಪ್ ಎತ್ತಿದ.