ಎಂಜಿನ್ ಬಿಚ್ಚುವುದಾದರೆ ಮಳೆಗಾಲದಲ್ಲಿ



ಫೆಬ್ರವರಿ-ಮಾರ್ಚ್ ತಿಂಗಳಲ್ಲಿ ರೊಬಸ್ಟಾ ಮೊಗ್ಗು ನೀರಿಗೆ ಕಾದಿರುತ್ತದೆ. ಆಗ ಸ್ಪ್ರಿಂಕ್ಲರ್ ಪಂಪಿನ ಡೀಸೆಲ್ ಎಂಜಿನ್ ಕೈಕೊಟ್ಟರೆ ವರ್ಷದ ಫಸಲಿಗೇ ಸಂಚಕಾರ. ಆ ಅವಸರದಲ್ಲಿ ಮೆಕ್ಯಾನಿಕ್ ಸಿಗುವುದಿಲ್ಲ, ಲೇತಿನವರಿಗೆ ಬಿಡುವಿಲ್ಲ. ಆದುದರಿಂದ ಎಂಜಿನ್ ಬಿಚ್ಚುವ ಕೆಲಸ ಅದು ಸುಮ್ಮನೆ ನಿಂತಿರುವ ಮಳೆಗಾಲದಲ್ಲೇ ಆಗತಕ್ಕದ್ದು.

ಹಾಗೆಂದು ಹೊಗೆ ಕಂಡೊಡನೆ ಬಿಚ್ಚಬೇಕಿಲ್ಲ. ಕಪ್ಪು ಹೊಗೆಯಾದರೆ ಮೊದಲು ಏರ್ ಫಿಲ್ಟರ್, ನಾಝಲ್ ನೋಡಿ. ನೀಲಿ ಹೊಗೆ ಬಂದು, ಆಯಿಲ್ ಬೇಗ ಇಳಿದು, ಕಂಪ್ರೆಷನ್ನೂ ಸಡಿಲವಾಗಿದ್ದರೆ ರಿಂಗ್, ಲೈನರ್ ಸವೆದಿರುವ ಸಂಭವ ಹೆಚ್ಚು.

ಬಿಚ್ಚುವಾಗ ಮಾಲೀಕರು ಹತ್ತಿರವೇ ಇರಬೇಕು. ಬೇರಿಂಗ್ ಕ್ಯಾಪಿಗೆ ಗುರುತು ಹಾಕಿಸಿ. ತಿರುವುಮುರುವಾಗಿ ಕೂತರೆ ಬೇರಿಂಗೂ ಕ್ರ್ಯಾಂಕೂ ಕೆಡುತ್ತವೆ. ಫ್ಯುಯೆಲ್ ಪಂಪಿನಡಿ ತೆಳು ಷಿಮ್‌ಗಳಿದ್ದರೆ ಜೋಪಾನ. ಡೀಸೆಲ್ ಚಿಮ್ಮುವ ಹೊತ್ತನ್ನು ನಿರ್ಧರಿಸುವುದು ಅವೇ. ಲೈನರನ್ನು ಮೇಲ್ಭಾಗದಲ್ಲಿ, ರಿಂಗ್ ಬಂದು ಹಿಂದಿರುಗುವಲ್ಲಿ, ತಪ್ಪದೆ ಅಳೆಸಿ. ಹೆಚ್ಚಿನ ಸವೆತ ಅಲ್ಲಿಯೇ. ತೀರಾ ಸವೆದ ಲೈನರಿಗೆ ಹೊಸ ರಿಂಗ್ ಹಾಕುವುದು ದುಡ್ಡು ದಂಡ.

ಅಳತೆಯೇ ಇಲ್ಲದೆ "ಎಲ್ಲಾ ಹೊಸದು ಹಾಕಿ" ಎಂಬ ಮಾತಿಗೆ ಸಣ್ಣ ಬೆಳೆಗಾರ ತಲೆಯಾಡಿಸುವುದು ಅಳೆಯುವ ಸಾಧನ ತನ್ನಲ್ಲಿ ಇಲ್ಲದ್ದರಿಂದ. ಬೋರ್ ಗೇಜ್, ಮೈಕ್ರೋಮೀಟರ್, ಟಾರ್ಕ್ ರೆಂಚ್ ಒಬ್ಬೊಬ್ಬರೂ ಕೊಳ್ಳುವಂಥವಲ್ಲ. ಗೊಬ್ಬರ, ಮೈಲುತುತ್ತ ಒಟ್ಟಾಗಿ ತರಿಸುವ ಸಂಘ ಇವನ್ನೂ ಒಂದು ಸೆಟ್ ಇಟ್ಟು ಸರದಿಯ ಮೇಲೆ ಸದಸ್ಯರಿಗೆ ಕೊಡಬಾರದೇಕೆ? ಮುಂದಿನ ಮಹಾಸಭೆಯಲ್ಲಿ ತಾವು ಈ ವಿಷಯ ಎತ್ತಬೇಕೆಂದು ಕೋರುತ್ತೇನೆ.

— ಕಾರ್ಯದರ್ಶಿ