ಸಂಬಳ ಆಮೇಲೆ, ಮೊದಲು ಮನೆ ಕೇಳಿ

ದುಬೈ ಸ್ಕೂಲಿಗೆ ಇಂಗ್ಲಿಷ್ ಪಾಠ ಮಾಡೋಕೆ ಹೊರಟೆ ಅಂದರೆ ನಮ್ಮ ಚೌಳಹಿರಿಯೂರಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: ಸಂಬಳ ಎಷ್ಟು? ನಾನಾದರೆ ಕೇಳೋದು, ಮನೆ ಯಾರು ಕೊಡ್ತಾರೆ?

ಅಲ್ಲಿ ಬಾಡಿಗೆ ಲೆಕ್ಕ ವರ್ಷದ್ದು. ಸಾಮಾನ್ಯವಾಗಿ ಒಂದೋ ನಾಲ್ಕೋ ಚೆಕ್ ಮೊದಲೇ ಬರೆದುಕೊಡಬೇಕು. ಮೇಲೆ ಶೇ. 5 ಠೇವಣಿ, ದಲ್ಲಾಳಿಗೆ ಇನ್ನೊಂದು ಶೇ. 5, ಕರೆಂಟು-ನೀರಿಗೆ 2,000 ದಿರ್ಹಮ್ ಠೇವಣಿ. ವರ್ಷಕ್ಕೆ 60,000 ದಿರ್ಹಮಿನ ಮನೆ ಅಂತಿಟ್ಟುಕೊಳ್ಳಿ. ನಾಲ್ಕು ಚೆಕ್ಕಿಗೆ ಒಪ್ಪಿದರೂ ಮೊದಲ ಕಂತು 15,000, ಉಳಿದದ್ದು 8,000. ಒಟ್ಟು 23,000 ದಿರ್ಹಮ್, ಅಂದರೆ ಐದು ಲಕ್ಷ ರೂಪಾಯಿಗೂ ಮೇಲೆ! ಅದೂ ಮೊದಲ ಸಂಬಳ ಕೈಗೆ ಬರೋ ಮುಂಚೆ.

ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ ಮಾಲೀಕರು ವಸತಿ ಕೊಡಬೇಕು, ಇಲ್ಲವೇ ಅದರ ಭತ್ಯೆ ಕೊಡಬೇಕು, ಅಥವಾ ಸಂಬಳದಲ್ಲೇ ಸೇರಿಸಬಹುದು. ಆ 'ಸೇರಿಸಬಹುದು' ಅನ್ನೋದರಲ್ಲೇ ಇರೋದು ಮಜಾ. ದೊಡ್ಡದಾಗಿ ಕಾಣೋ ಸಂಬಳದ ಒಳಗೆ ಮನೆ ಬಾಡಿಗೆಯೂ ಕೂತಿರುತ್ತೆ. ನೇಮಕಾತಿ ಖರ್ಚನ್ನು ಮಾತ್ರ ನಮ್ಮಿಂದ ವಸೂಲು ಮಾಡೋ ಹಾಗಿಲ್ಲ ಅಂತ ಅದೇ ಕಾನೂನು ಹೇಳುತ್ತೆ. ಏಜೆಂಟ್ ಕೇಳಿದರೆ ಇದನ್ನ ನೆನಪಿಸಿ.

ತೋಟ ಅಡವಿಟ್ಟು ಹೋದವರಿಗೆ ಮೊದಲ ವರ್ಷದ ದುಡಿಮೆಯಲ್ಲಿ ಒಂದು ಪಾಲು ಬಡ್ಡಿಗೇ ಹೋಗುತ್ತೆ. ಸಂಬಳ ಸ್ವಲ್ಪ ಕಮ್ಮಿಯಾದರೂ ಮನೆ ಕೊಡೋ ಸ್ಕೂಲೇ ವಾಸಿ ಅಂತೀನಿ. ನೀವೇನಂತೀರಿ?